ಎದುರುಮನೆ ಅಜ್ಜಿಯ ಪಾಪ್ರಿಕಾ

ಮೊನ್ನೆ ನಾದಿನಿ ಊರಿನಿಂದ ತಂದ ಬ್ಯಾಡಗಿ ಮೆಣಸಿನ ಪುಡಿಯ ಕಟ್ಟು ಬಿಚ್ಚಿದವಳೇ ಎರಡು ಸಲ ಸೀನಿದೆ. ಆಮೇಲೆ ಸುಮ್ಮನೆ ನಗು ಬಂತು. ಒಮಾನಿನ ಅಲ್ ಗುಬ್ರಾದಲ್ಲಿ ನಮ್ಮ ಎದುರು ಫ್ಲ್ಯಾಟಿಗೆ ಕೆಲವು ವರ್ಷಗಳ ಹಿಂದೆ ಬಂದಿದ್ದ ಹಂಗೇರಿಯ ಅಜ್ಜಿ ನೆನಪಾದರು...

ಮಗನನ್ನು ನೋಡಲು ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ಯಾವ ಪದ ಸಿಕ್ಕಿದರೂ ಅದರ ಜಾತಕ ಬಿಡಿಸುವ ಚಟ. ಮಗ ಅಮ್ಮನ ಅಡುಗೆ ಉಂಡು ಏಳು ವರ್ಷವಾಗಿತ್ತು. ಅವನ ಹುಟ್ಟುಹಬ್ಬಕ್ಕೆ ಊರಿನ ಕೋಳಿಸಾರು ಮಾಡಬೇಕೆಂದು ಒಂದೇ ಒಂದು ಡಬ್ಬಿ ಪಾಪ್ರಿಕಾ ತಂದು ಕಾದಿಟ್ಟಿದ್ದರು. ಆ ದಿನ ನೆರವಿಗೆ ನಾನು ಹೋದೆ.

ದೊಣ್ಣೆಮೆಣಸು ಹೆಚ್ಚುತ್ತಾ ಅಜ್ಜಿ ಇಂಗ್ಲಿಷಿನಲ್ಲಿ ಪಾಠ ಶುರುಮಾಡಿದರು. ಅವರ ಭಾಷೆಯಲ್ಲಿ ಈ ಕಾಯಿಯೂ ಪಾಪ್ರಿಕಾ, ಒಣಗಿಸಿ ಬೀಸಿದ ಕೆಂಪು ಪುಡಿಯೂ ಪಾಪ್ರಿಕಾ. ನೆರೆಯ ಸರ್ಬಿಯದವರು ಕಾಳುಮೆಣಸಿನ ಹೆಸರನ್ನೇ ಮುದ್ದು ಮಾಡಿ ಇದಕ್ಕಿಟ್ಟರಂತೆ. ಅದರ ಹಿಂದೆ ಲ್ಯಾಟಿನ್, ಅದರ ಹಿಂದೆ ಗ್ರೀಕ್, ಎಲ್ಲಕ್ಕೂ ಹಿಂದೆ ಸಂಸ್ಕೃತದ ಪಿಪ್ಪಲಿ.

"ಅದು ನಮ್ಮ ಹಿಪ್ಪಲಿ ಅಲ್ವಾ? ಕೆಮ್ಮು ಬಂದ್ರೆ ಕಷಾಯಕ್ಕೆ ಹಾಕುದು," ಎಂದೆ.

ತವರಿನ ಸೊತ್ತು ಸಿಕ್ಕಿದವಳ ಹಾಗೆ ಉಬ್ಬಿಹೋದೆ. ಅದೇ ಹುಮ್ಮಸ್ಸಿನಲ್ಲಿ, ನಮ್ಮ ಒಗ್ಗರಣೆಯ ಕ್ರಮದಂತೆ, ಹೊಗೆಯಾಡುತ್ತಿದ್ದ ಎಣ್ಣೆಗೆ ಡಬ್ಬಿಯನ್ನೇ ಸುರಿದುಬಿಟ್ಟೆ. ಪಾತ್ರೆ ಕೆಳಗಿಳಿಸಿ, ಎಣ್ಣೆ ತುಸು ಆರಿದ ಮೇಲೆ ಹಾಕಬೇಕಾದ ಪುಡಿಯದು. ಕಣ್ಣೆದುರೇ ಕರಟಿ ಕಪ್ಪಾಯಿತು. ಅಜ್ಜಿ ಖಾಲಿ ಡಬ್ಬಿ ಹಿಡಿದು ಕುರ್ಚಿಯಲ್ಲಿ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಓಡಿದೆ. "ಎಂತ ಮಾಡಿದ್ದು ಮಾರಾಯ್ತಿ? ಇಡೀ ಬಿಲ್ಡಿಂಗಿಗೆ ಕೆಮ್ಮು ಬರ್ತಾ ಉಂಟು," ಎಂದರು ಗಂಡ. ಬ್ಯಾಡಗಿ ಪುಡಿ ಹಿಡಿದು ವಾಪಸಾದೆ. ಅಜ್ಜಿ ಮೂಸಿದರು, ನಾಲಗೆಗೆ ಹಚ್ಚಿದರು, ಯೋಚಿಸಿದರು. ಕೊನೆಗೆ "ಯಲ್ಲಾ" ಎಂದರು. ಒಮಾನಿನಲ್ಲಿ ಅವರು ಕಲಿತದ್ದು ಅದೊಂದೇ ಅರಬಿ ಪದ, 'ನಡಿ, ಶುರುಮಾಡು' ಅಂತ. ಮಗನಿಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು.

ಮಗ ಮೂರು ಸಲ ಬಡಿಸಿಕೊಂಡ. ಮೂಗು ಒರೆಸಿಕೊಂಡದ್ದು ಖಾರಕ್ಕೋ ಸಂತೋಷಕ್ಕೋ... ಅಜ್ಜಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ನಿನ್ನೆ ಲಿಫ್ಟಿನಲ್ಲಿ ಆ ಮಗ ಸಿಕ್ಕಿದ. ಅಜ್ಜಿ ತೀರಿಕೊಂಡು ವರ್ಷವಾಗುತ್ತಾ ಬಂತು; ಅವರಿಲ್ಲವೆಂದು ನನಗೆ ಈಗಲೂ ಸಂಕಟವಾಗುತ್ತದೆ. ಊರಿಗೆ ಹೋದಾಗ ಚಿಕ್ಕಮ್ಮಂದಿರ ಕೈಯಲ್ಲೆಲ್ಲ ಆ ಸಾರು ಮಾಡಿಸಿ ಉಂಡನಂತೆ.

"ಅಮ್ಮ ಇಲ್ಲಿ ಮಾಡಿದ ರುಚಿ ನಮ್ಮ ಊರಲ್ಲಿ ಎಲ್ಲೂ ಸಿಗಲಿಲ್ಲ," ಎಂದ.

ಆಣೆ ನೆನಪಾಯಿತು. ನಗು ಬಂತು.

"ಅದು ನಿಮ್ಮಮ್ಮನ ಕೈಗುಣ," ಎಂದೆ.