ತುರುಚೆ ಸೊಪ್ಪಿನ ಪಲ್ಯ

ಮೊನ್ನೆ ಬೆಳಿಗ್ಗೆ ಕಾಂಪೌಂಡಿನ ಮೂಲೆಯ ಕಳೆ ಕೀಳಲು ಹೋಗಿ ಮುಂಗೈ ಉರಿಸಿಕೊಂಡೆ. ಕನ್ನಡಕ ಹಾಕಿಕೊಳ್ಳದೆ ಕೈ ಹಾಕಿದ್ದು ನನ್ನದೇ ತಪ್ಪು. ಚುಳ್ ಎಂದಿತು, ನೋಡನೋಡುತ್ತಿದ್ದಂತೆ ಕೆಂಪು ದದ್ದುಗಳೆದ್ದವು. ಪಕ್ಕದ ಮನೆಯ ಸರೋಜ ಗೋಡೆಯ ಆಚೆಯಿಂದಲೇ, "ಏನು ಕಚ್ಚಿತು ಟೀಚರ್?" ಎಂದು ಗಾಬರಿಯಾದಳು. ಕಚ್ಚಿದ್ದಲ್ಲ, ತುರುಚೆ ಗಿಡ ಎಂದೆ. "ಅಯ್ಯೋ, ಔಷಧಿ ಹೊಡೆಸಿಬಿಡಿ" ಎಂದಳು. ಹೊಡೆಸುವುದೇಕೆ, ಇದನ್ನು ಬೇಯಿಸಿ ತಿನ್ನುತ್ತಾರೆ ಎಂದೆ. ಅವಳು ನೋಡಿದ ನೋಟವನ್ನು ನಿಮಗೆ ವಿವರಿಸಬೇಕಿಲ್ಲ. ನಿವೃತ್ತ ಟೀಚರ್ ಏನು ಹೇಳಿದರೂ ಜನ ತಲೆಯಾಡಿಸುತ್ತಾರೆ, ನಂಬುವುದು ಬೇರೆ ಮಾತು.

ಆದರೆ ನಾನೇ ತಿಂದಿದ್ದೇನೆ. ಎಪ್ಪತ್ತರ ದಶಕದ ನಡುವಿನ ಮಾತು. ಮದ್ದೂರಿನಲ್ಲಿ ಚಿಕ್ಕರಸಿನಕೆರೆ ಕಡೆಯ ಬಸ್ಸು ಹತ್ತಿ, ಇಳಿದು, ಗದ್ದೆ ಬದುವಿನ ಮೇಲೆ ಎರಡು ಮೈಲಿ ನಡೆದರೆ ಒಂದು ಹಳ್ಳಿ. ಅಲ್ಲಿನ ಏಕೋಪಾಧ್ಯಾಯ ಶಾಲೆ ನನ್ನ ಮೊದಲ ಕೆಲಸ. ಹೆಡ್ಮಾಸ್ಟರು, ಮೇಷ್ಟ್ರು, ಗಂಟೆ ಹೊಡೆಯುವ ಜವಾನ ಎಲ್ಲವೂ ನಾನೇ. ನನ್ನ ಹಿಂದಿನ ಮೇಷ್ಟ್ರು ವರ್ಗವಾದ ಮೇಲೆ ಎರಡು ವರ್ಷ ಆ ಶಾಲೆಗೆ ಬೀಗ ಬಿದ್ದಿತ್ತಂತೆ. ಬೀಗ ತೆಗೆಸಿದ್ದು ನಾನು ಎಂಬ ಜಂಬ ನನಗಿತ್ತು. ಇಪ್ಪತ್ತೆರಡರ ವಯಸ್ಸಿಗೆ ಅಷ್ಟು ಜಂಬ ಇಲ್ಲದಿದ್ದರೆ ಹೇಗೆ?

ನಾನು ಬಾಡಿಗೆಗಿದ್ದದ್ದು ದ್ಯಾವಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಗಂಡ ತೀರಿಕೊಂಡಿದ್ದ, ಜಮೀನು ಮೈದುನಂದಿರ ಪಾಲಾಗಿತ್ತು. ಮಕ್ಕಳಿಗೆ ಮಧ್ಯಾಹ್ನ ಕೊಡುವ ಗೋಧಿ ರವೆಯ ಉಪ್ಪಿಟ್ಟನ್ನು ಶಾಲೆಯ ಪಕ್ಕದ ಸೂರಿನಡಿ ಮಾಡುವ ಕೆಲಸ ಅವಳದು. ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಒಬ್ಬಳೇ ಮಗಳು ಗೌರಿ, ಎರಡನೇ ಕ್ಲಾಸು. ಆ ಮನೆಯಲ್ಲಿ ಹೆಸರು ಬರೆಯಲು ಕಲಿತವರಲ್ಲಿ ಅವಳೇ ಮೊದಲು. ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ 'ಗೌರಿ'ಯನ್ನು ಹಬ್ಬಕ್ಕೆ ಸುಣ್ಣ ಬಳಿಯುವಾಗಲೂ ದ್ಯಾವಮ್ಮ ಅಳಿಸಿರಲಿಲ್ಲ, ಸುತ್ತ ಬಳಿದು ಬಿಟ್ಟಿದ್ದಳು.

ಮುಂಗಾರು ಬಿದ್ದು ಹದಿನೈದು ದಿನವಾಯಿತೆಂದರೆ ದ್ಯಾವಮ್ಮನ ಕಾಲು ನಿಲ್ಲುತ್ತಿರಲಿಲ್ಲ. ಯಾರ ಹೊಲದ ಬೇಲಿಯಾದರೂ ಸರಿ, ಸೊಪ್ಪಿಗೆ ಹೋದವರನ್ನು ಯಾರೂ ಕೇಳುತ್ತಿರಲಿಲ್ಲ. ಅಣ್ಣೆ, ಗಣಿಕೆ, ಹೊನಗೊನೆ ಎಲ್ಲ ಮಡಿಲಿಗೆ ಬೀಳುತ್ತಿದ್ದವು. ಕೊನೆಯಲ್ಲಿ ತುರುಚೆ. ಅದನ್ನು ಮುಟ್ಟುವಾಗ ಅವಳು ಮಾತು ನಿಲ್ಲಿಸುತ್ತಿದ್ದಳು. ಬಾಯಿ ಬಿಗಿಹಿಡಿದು, ಕುಡಿಯನ್ನು ಅಡಿಯಿಂದ ಎರಡೇ ಬೆರಳಲ್ಲಿ ಚಿವುಟುವುದು.

"ಉಸ್ರು ಬಿಗಿ ಇಡ್ಕೊಂಡು ಕೀಳ್ಬೇಕು ಕಣವ್ವ. ಉಸ್ರು ಬುಟ್ಟಿಯೋ, ಚುಚ್ತದೆ."

ಉಸಿರಿಗೂ ಗಿಡಕ್ಕೂ ಏನು ಸಂಬಂಧ ಎಂದು ನಾನು ವಿಜ್ಞಾನದ ಪಾಠ ತೆಗೆದೆ. ಪಾಠ ಹೇಳುತ್ತ ಕೀಳಲು ಹೋಗಿ ಐದು ಬೆರಳೂ ಉರಿಸಿಕೊಂಡೆ. ದ್ಯಾವಮ್ಮ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ತುಂಬೆ ಸೊಪ್ಪನ್ನು ಅಂಗೈಯಲ್ಲಿ ಹಿಂಡಿ ನನ್ನ ಬೆರಳಿಗೆಲ್ಲ ಸವರಿದಳು.

ಅಡುಗೆಯಲ್ಲೂ ಅವಳದೊಂದು ಕ್ರಮವಿತ್ತು. ಎಸರು ಕೊತಕೊತ ಕುದಿಯುವವರೆಗೆ ತುರುಚೆಯನ್ನು ಪಾತ್ರೆಯ ಹತ್ತಿರ ತರುತ್ತಿರಲಿಲ್ಲ. ಕುದಿಗೆ ಹಾಕಿದ ಮೇಲೂ ಮುಚ್ಚಳ ತೆಗೆದು ನೋಡಲು ಬಿಡುತ್ತಿರಲಿಲ್ಲ. "ತಡಿಯವ್ವ, ಅದ್ರ ಕ್ವಾಪ ಇಳೀಲಿ." ಚೆನ್ನಾಗಿ ಬೆಂದ ಮೇಲೆ ಅಲಸಂದೆ ಕಾಳಿನೊಂದಿಗೆ ಬಸಿದು, ಬಸಿದ ನೀರಿಗೆ ಉಪ್ಪು ಹಾಕಿ, ಒರಳಲ್ಲಿ ರುಬ್ಬಿದ ಖಾರವನ್ನು ಪಕ್ಕಕ್ಕಿಟ್ಟು, ಬಿಸಿ ಮುದ್ದೆ. ಆ ಉಪ್ಸಾರಿನ ರುಚಿಗೆ ಸಮನಾದದ್ದನ್ನು ಈವರೆಗೆ ನಾನು ಉಂಡಿಲ್ಲ.

ಇಷ್ಟೆಲ್ಲ ಉಂಡೂ ಆ ಊರಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ. ಮಂಡ್ಯದಲ್ಲಿ ಅಕ್ಕ ಇದ್ದಳು, ಕರೆಂಟಿತ್ತು, ಟಾಕೀಸಿತ್ತು. ಎರಡನೇ ವರ್ಷ ಇನ್ಸ್‌ಪೆಕ್ಟರು ತಪಾಸಣೆಗೆ ಬರುತ್ತಾರೆಂದು ತಿಳಿದಾಗ ವರ್ಗಾವಣೆಯ ಅರ್ಜಿ ಬರೆದು ಕವರಿನಲ್ಲಿಟ್ಟುಕೊಂಡೆ. ಊಟ ಮೆಚ್ಚಿಸಿ ಶಿಫಾರಸು ಕೇಳುವುದೆಂದು ನನ್ನ ಲೆಕ್ಕಾಚಾರ. ದ್ಯಾವಮ್ಮನಿಗೆ ಹೇಳಲಿಲ್ಲ. ದೊಡ್ಡೋರು ಶಾಲೆ ನೋಡಲು ಬರುತ್ತಾರೆ, ಮೇಷ್ಟ್ರಮ್ಮನ ಮಾನ ಉಳಿಯಬೇಕು ಎಂದು ಅವಳು ನಸುಕಿಗೇ ಸೊಪ್ಪಿಗೆ ಹೋಗಿದ್ದಳು.

ಮುದ್ದೆ, ಉಪ್ಸಾರು ಅವಳದು. ಪಲ್ಯ ನಾನು ಮಾಡುತ್ತೇನೆಂದು ಹಠ ಹಿಡಿದೆ. ಟ್ರೈನಿಂಗಿನಲ್ಲಿ ನಮಗೆ ಆಹಾರ ಶಾಸ್ತ್ರದ ಪಾಠವಿತ್ತು. ಸೊಪ್ಪನ್ನು ಹೆಚ್ಚು ಬೇಯಿಸಿದರೆ ಜೀವಸತ್ವ ನಾಶವಾಗುತ್ತದೆ ಎಂದು ನೋಟ್ಸಿನಲ್ಲಿ ಕೆಂಪು ಗೆರೆ ಎಳೆದುಕೊಂಡಿದ್ದೆ. ಒಗ್ಗರಣೆಗೆ ತುರುಚೆ ಸುರಿದು, ಎರಡು ಸಲ ತಿರುವಿ, ಹಸಿರು ಬಣ್ಣ ಕೆಡದಂತೆ ಇಳಿಸಿಬಿಟ್ಟೆ.

"ಬ್ಯಾಡ ಕಣವ್ವ, ನೀರಾಕಿ ಇನ್ನೊಂದ್ ಕುದಿ ಬರ್ಲಿ."

"ಸತ್ವ ಹೋಗುತ್ತೆ ದ್ಯಾವಮ್ಮ. ನಿಮಗೆ ಗೊತ್ತಾಗಲ್ಲ" ಎಂದೆ. ಹೌದು, ಹಾಗೇ ಅಂದೆ.

ಇನ್ಸ್‌ಪೆಕ್ಟರು ಮೊದಲ ತುತ್ತಿಗೇ ಪಲ್ಯ ಬಾಯಿಗಿಟ್ಟರು. ಅಗಿದರು, ನಿಲ್ಲಿಸಿದರು, ಎಲೆ ಬಿಟ್ಟು ಎದ್ದರು. ಮಜ್ಜಿಗೆ ಮುಕ್ಕಳಿಸಿದರೂ ತುಟಿ ಊದುವುದು ನಿಲ್ಲಲಿಲ್ಲ. ಊದಿದ ಬಾಯಲ್ಲೇ ಕೂಗಿದರು: "ಯಾರ್ರೀ ಮಾಡಿದ್ದು ಇದನ್ನ?"

ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಕವರು ನನ್ನ ಕೈಯಲ್ಲಿತ್ತು. ಅದನ್ನು ಬೆನ್ನ ಹಿಂದೆ ಮರೆಮಾಡಿದೆ. ದ್ಯಾವಮ್ಮ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಸೆರಗು ಹೊದ್ದುಕೊಂಡು ಮುಂದೆ ಬಂದಳು.

"ನಾನೇ ಬುದ್ಧಿ. ಬೇಯಿಸ್ದೆ ಇಕ್ಬುಟ್ಟೆ. ತಪ್ಪಾಯ್ತು."

"ಇಂಥವಳ ಕೈಯಲ್ಲಿ ಮಕ್ಕಳ ಉಪ್ಪಿಟ್ಟು ಮಾಡಿಸ್ತೀರಾ? ಬರ್ಕೊಳ್ರೀ" ಎಂದು ಅವರು ಭೇಟಿ ಪುಸ್ತಕ ತೆಗೆಸಿದರು. ಅಡುಗೆಯವಳನ್ನು ಬದಲಿಸತಕ್ಕದ್ದು ಎಂದು ಅವರು ಹೇಳಿದರು, ನಾನು ಬರೆದೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಟ್ರೈನಿಂಗಿನಲ್ಲಿ ಬಹುಮಾನ ಬಂದಿತ್ತು. ಅವರು ಹೊರಡುವಾಗ ಕವರನ್ನೂ ಕೊಟ್ಟೆ. ಆ ಹೊತ್ತಿನಲ್ಲೂ ಅದನ್ನು ಮರೆಯಲಿಲ್ಲ ನೋಡಿ.

ಸಂಜೆ ಅವಳ ಒಲೆಯ ಮುಂದೆ ಕೂತು, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನಂಗಾದ್ರೆ ಕೂಲಿ ನಾಲಿ ಸಿಕ್ತದೆ. ನಿನ್ನ ಎಲ್ಗಾರ ಎತ್ತಾಕ್ಬುಟ್ರೆ ಇಸ್ಕೂಲ್ಗೆ ತಿರ್ಗ ಬೀಗ ಕಣವ್ವ. ನಮ್ ಗೌರಿ ಏನ್ ಮಾಡಾಳು?"

ಆಗಲಾದರೂ ಹೇಳಬಹುದಿತ್ತು. ನಾಳೆ ಮದ್ದೂರಿನ ಇನ್ಸ್‌ಪೆಕ್ಟರ ಕಚೇರಿಗೆ ಹೋಗಿ ಪಲ್ಯ ನನ್ನದು ಎನ್ನುತ್ತೇನೆ, ಅರ್ಜಿ ವಾಪಸು ಪಡೆಯುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಆ ನಾಳೆ ಬರಲಿಲ್ಲ. ಎರಡು ತಿಂಗಳಿಗೆ ಮಂಡ್ಯಕ್ಕೆ ಆರ್ಡರು ಬಂತು. ಅಷ್ಟರಲ್ಲಿ ದ್ಯಾವಮ್ಮ ಕಬ್ಬು ಕಡಿಯುವ ಕೂಲಿಗೆ ಹೋಗತೊಡಗಿದ್ದಳು.

ನನ್ನ ಟ್ರಂಕನ್ನು ಬಸ್ಸಿನವರೆಗೆ ತಲೆಯ ಮೇಲೆ ಹೊತ್ತು ತಂದವಳು ಅವಳೇ. ಕಬ್ಬಿನ ಗರಿ ಕೊಯ್ದ ಗೀರುಗಳು ಅವಳ ಮುಂಗೈ ತುಂಬ ಇದ್ದವು. ನನ್ನನ್ನು ಶಿಕ್ಷೆಗೆಂದು ಎತ್ತಿ ಹಾಕಿದ್ದಾರೆ ಎಂದೇ ಅವಳು ತಿಳಿದಿದ್ದಳು. "ನಾನೇಳಿದ್ನ ಅವಯ್ಯ ನಂಬ್ನಿಲ್ಲ ಅಂತ ಕಾಣ್ತದೆ. ಬೇಜಾರ್ ಮಾಡ್ಕಬ್ಯಾಡ ಕಣವ್ವ" ಎಂದು ನನಗೇ ಸಮಾಧಾನ ಹೇಳಿದಳು. ನಾನು ತಲೆಯಾಡಿಸಿ ಬಸ್ಸು ಹತ್ತಿ ಕೂತೆ.

ಆಮೇಲೆ ಮಾಡಿದ್ದು ಇನ್ನೂ ಹೀನ. ಊದಿದ ತುಟಿಯ ಇನ್ಸ್‌ಪೆಕ್ಟರ ಕಥೆಯನ್ನು ಎಷ್ಟೋ ಸ್ಟಾಫ್ ರೂಮುಗಳಲ್ಲಿ, ಮದುವೆ ಮನೆಗಳಲ್ಲಿ ಅಭಿನಯಿಸಿ ಹೇಳಿದ್ದೇನೆ. ಜನ ಹೊಟ್ಟೆ ಹಿಡಿದು ನಕ್ಕಿದ್ದಾರೆ. ಆ ಕಥೆಯಲ್ಲಿ ಸೊಪ್ಪು ಬೇಯಿಸದೆ ಬಡಿಸಿದವಳು ಯಾವಾಗಲೂ ಒಬ್ಬ ಹಳ್ಳಿ ಅಡುಗೆಯವಳು. ಹೇಳಿ ಹೇಳಿ ಒಂದು ಕಾಲಕ್ಕೆ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಮೊನ್ನೆ ಸರೋಜಳಿಗೂ ಅದೇ ಕಥೆ ಶುರುಮಾಡಿದ್ದೆ. 'ಒಬ್ಬಳು ಅಡುಗೆಯವಳಿದ್ದಳು' ಎನ್ನುವವರೆಗೆ ಬಂದು ನಿಲ್ಲಿಸಿದೆ. ಉರಿಯುವ ಕೈಯನ್ನು ತಿಕ್ಕಿಕೊಳ್ಳುತ್ತ, ಪಲ್ಯ ಮಾಡಿದ್ದು ನಾನು ಎಂದೆ. ಕವರಿನ ವಿಷಯ, ಭೇಟಿ ಪುಸ್ತಕದ ವಿಷಯ, ಟ್ರಂಕಿನ ವಿಷಯ ಎಲ್ಲ ಹೇಳಿದೆ. ಇದೇ ಮೊದಲು. ಸರೋಜ ನಗಲಿಲ್ಲ. ಗೋಡೆಯ ಹತ್ತಿರ ಬಂದು ಕೇಳಿದಳು:

"ಆ ಹುಡುಗಿ ಗೌರಿ, ಆಮೇಲೆ ಓದಿದಳಾ ಟೀಚರ್?"

ಗೊತ್ತಿಲ್ಲ ಎಂದೆ. ಮಂಡ್ಯದಿಂದ ಆ ಊರಿಗೆ ಆಗಲೂ ಅರ್ಧ ದಿನದ ದಾರಿಯೂ ಇರಲಿಲ್ಲ, ಈಗಂತೂ ಊರ ಬಾಗಿಲಿಗೇ ಬಸ್ಸು ಹೋಗುತ್ತದೆ.