ಹಳ್ಳಕ್ಕಿಳಿದರೆ ಬರಿಗೈಲಿ ಹತ್ತದ ಹಗ್ಗದಕ್ಕ

ಬೆಳಕು ಹರಿಯುವ ಹೊತ್ತು. ಹಳ್ಳದ ಕೆಸರಿನಲ್ಲಿ ಜೀಪೊಂದು ಹೊಟ್ಟೆಯವರೆಗೆ ಹೂತು ನಿಂತಿದೆ. ಗುಡ್ಡದಾಚೆಯ ರೋಗಿಗಳನ್ನು ಆಸ್ಪತ್ರೆಗೆ ಕರೆತರುವ ಜೀಪದು. ಆ ದಾರಿಯಲ್ಲಿ ಬೇರೆ ಗಾಡಿ ಓಡುವುದಿಲ್ಲ. ಮೇಲ್ಗಡೆ ಮಳೆಯಾಗಿ ನೀರು ಏರುತ್ತಿದೆ. ಕೆಸರು ಒಣಗಿದ ಮೇಲೆ ನೋಡೋಣ ಎಂದು ಕ್ರೇನಿನವರು ಕೈ ತೊಳೆದುಕೊಂಡಿದ್ದಾರೆ. ಪ್ಯಾಂಟು ಮಡಚಿ, ಎಡಗಾಲನ್ನು ತುಸು ಎಳೆಯುತ್ತ ಹೆಂಗಸೊಬ್ಬರು ನೀರಿಗಿಳಿಯುತ್ತಾರೆ. ಎಲ್ಲರ ಬಾಯಲ್ಲಿ ಅವರು ಹಗ್ಗದಕ್ಕ.

ಗಂಡ ತೀರಿಕೊಂಡ ಮೇಲೆ ಅವರ ಪಂಕ್ಚರ್ ಅಂಗಡಿಯನ್ನು ನಡೆಸುತ್ತಿರುವವರು ಇವರೇ. ಮುಂದೆ ಟೈರುಗಳ ರಾಶಿ, ಹಿಂದಿನ ಒಂದೇ ಕೋಣೆಯಲ್ಲಿ ತಾಯಿ-ಮಗಳಿಬ್ಬರ ಸಂಸಾರ. ಎಲ್ಲಾದರೂ ಗಾಡಿ ಸಿಕ್ಕಿಕೊಂಡಿತೆಂದು ಫೋನ್ ಬಂದರೆ ತಮ್ಮ ಹಳೆಯ ಜೀಪನ್ನು ಹೊರಡಿಸುತ್ತಾರೆ. ಜೊತೆಗೆ ಸ್ನೇಹಿತರು: ಪಕ್ಕದಂಗಡಿಯ ವೆಲ್ಡರ್, ನಿವೃತ್ತ ಬಸ್ ಚಾಲಕ, ತರಕಾರಿ ಮಾರುವ ಬಾಲ್ಯದ ಗೆಳತಿ. ‘ಇವಳ ಸ್ನೇಹ ಮಾಡಿ ನಂಗೆ ಒಂದು ಜೊತೆ ಚಪ್ಪಲಿನೂ ಉಳೀಲಿಲ್ಲ’ ಎಂದು ಗೆಳತಿ ಗೊಣಗುತ್ತಲೇ ಗುದ್ದಲಿ ಎತ್ತಿಕೊಳ್ಳುತ್ತಾರೆ.

ಕಳೆದ ವರ್ಷ ಎಳೆಯುವಾಗ ಸರಪಳಿ ಕಿತ್ತು ಬಡಿದು ಹಗ್ಗದಕ್ಕನ ಕಾಲು ಮುರಿಯಿತು. ಇನ್ನು ಸಾಕು ಎಂದು ಅಣ್ಣ ಜೀಪಿನ ಕೀಲಿಯನ್ನು ತನ್ನ ಮನೆಗೆ ಒಯ್ದ. ಇವರು ಊರುಗೋಲು ಹಿಡಿದು ಅವನ ಬಾಗಿಲಿಗೇ ಹೋದರು. ‘ಕಾಲು ಮುರಿದಿದ್ದು ನಂದು, ಹೆದರಿಕೆ ಮಾತ್ರ ನಿಂದಾ ಅಂತ ಕೇಳ್ದೆ. ಕೀ ಕೊಟ್ಟ. ಆದ್ರೆ ಮಾತು ಬಿಟ್ಟ’ ಎನ್ನುತ್ತಾರೆ.

ಈಗ ಆ ಅಣ್ಣನೇ ಸುದ್ದಿ ಕೇಳಿ ದಡಕ್ಕೆ ಬಂದು ನಿಂತಿದ್ದಾನೆ. ಮೊದಲ ಎಳೆತಕ್ಕೆ ಹೂತ ಜೀಪು ಮಿಸುಕುವುದಿಲ್ಲ. ಬದಲಿಗೆ ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿರುವ ಹಗ್ಗದಕ್ಕನ ಜೀಪೇ ಹಳ್ಳದತ್ತ ಜಾರುತ್ತದೆ. ಅದರ ಸ್ಟೀರಿಂಗ್ ಹಿಡಿದ ನಿವೃತ್ತ ಚಾಲಕರು ಬ್ರೇಕ್ ಅದುಮಿ ಹೇಗೋ ನಿಲ್ಲಿಸುತ್ತಾರೆ. ವೆಲ್ಡರ್ ಅದರ ಹಿಂಭಾಗವನ್ನು ದೊಡ್ಡ ಮರವೊಂದಕ್ಕೆ ಬಿಗಿಯುತ್ತಾರೆ. ಬಿಟ್ಟು ಬಾ, ಕಬ್ಬಿಣದ ಗಾಡಿಗಾಗಿ ಪ್ರಾಣ ಕೊಡ್ತೀಯಾ ಎಂದು ಅಣ್ಣ ಗದರುತ್ತಾನೆ.

‘ಗಾಡಿಗಲ್ಲಣ್ಣ. ಅದಕ್ಕೆ ಕಾಯ್ತಾ ಕೂತಿರೋರಿಗೆ. ನೀನು ಬರ್ದಿದ್ರೂ ಪರ್ವಾಗಿಲ್ಲ, ಅಡ್ಡ ಬರ್ಬೇಡ.’

ಇಷ್ಟು ಹೇಳಿ ಅವರು ಮತ್ತೆ ಮಂಡಿಯೂರಿ ಚಕ್ರದಡಿಯ ಕೆಸರು ತೋಡುತ್ತಾರೆ. ಅಣ್ಣ ಬೂಟು ಕಳಚಿಟ್ಟು, ಕೈಗೆ ಸಿಕ್ಕ ಚಪ್ಪಟೆ ಕಲ್ಲುಗಳನ್ನು ಹೊತ್ತು ನೀರಿಗಿಳಿಯುತ್ತಾನೆ. ಚಕ್ರಗಳ ಕೆಳಗೆ ಕಲ್ಲು ಕೂರುತ್ತದೆ. ಎಲ್ಲರನ್ನೂ ಹಗ್ಗದಿಂದ ದೂರ ಸರಿಸಿ ಹಗ್ಗದಕ್ಕ ಕೈ ಎತ್ತುತ್ತಾರೆ. ಹಗ್ಗ ಬಿಗಿಯುತ್ತದೆ, ಮರ ನರಳುತ್ತದೆ, ಕೆಸರು ಲೊಚಕ್ಕೆಂದು ಜೀಪನ್ನು ಬಿಟ್ಟುಕೊಡುತ್ತದೆ.

ತಡಮಾಡದೆ ಅದು ಗುಡ್ಡ ಹತ್ತುತ್ತದೆ. ಅಣ್ಣ ತಂಗಿಯ ಮುಖ ನೋಡುವುದಿಲ್ಲ. ಒದ್ದೆ ಹಗ್ಗ ಸುತ್ತತೊಡಗುತ್ತಾನೆ. ದಡದಲ್ಲಿ ನಿಂತು ಎಲ್ಲ ನೋಡುತ್ತಿದ್ದ ನಾನು, ನಿಮ್ಮ ಧೈರ್ಯದ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ ಎಂದೆ. ಹಗ್ಗದಕ್ಕ ಬೇಡವೆಂದು ತಲೆಯಾಡಿಸಿದರು.

‘ಧೈರ್ಯ ಗೀರ್ಯ ಅಂತ ಬರೀಬೇಡಿ. ಪ್ರತಿ ಸಲಾನೂ ಕೈಕಾಲು ನಡುಗ್ತವೆ. ಆದ್ರೂ ಇಳೀತಾಳೆ ಅಂತ ಬರೀರಿ, ಸಾಕು.’