ಮಾನ್ವೆಲ್ ಒತ್ತದ ಹೆಬ್ಬೆಟ್ಟು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಹೊರುತ್ತಿದ್ದ ಸಿದ್ದಿ ಜನಾಂಗದ ಮಾನ್ವೆಲ್ ಯಾರನ್ನೂ ಸುಲಭವಾಗಿ ನಂಬುವವನಲ್ಲ. ಅವನ ಅಪ್ಪ ಪಾವ್ಲು ಗುತ್ತಿಗೆದಾರನೊಬ್ಬನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಅದರಲ್ಲಿ ಏನಿದೆಯೆಂದು ತಿಳಿಯದೆ ಮೂರು ವರ್ಷ ಕೂಲಿಯಿಲ್ಲದೆ ಕ್ಯಾಸಲ್‌ರಾಕ್ ಕಾಡಿನಲ್ಲಿ ಮರ ಕಡಿದಿದ್ದ.

೧೯೬೨ರಲ್ಲಿ ಸೈನ್ಯದಿಂದ ನಿವೃತ್ತನಾಗಿ ಬಂದ ಹವಾಲ್ದಾರ ಶಿವಲಿಂಗಪ್ಪ ಅಂಬೇವಾಡಿಯ ಹಳೆಯ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಸತೊಡಗಿದ. ಮಾನ್ವೆಲ್‌ನ ಭುಜ ನೋಡಿ ಅವನನ್ನೂ ಕರೆದ.

"ಇದರಾಗ ನಿಮಗೇನ್ ಸಿಗತೈತ್ರಿ?" ಎಂದ ಮಾನ್ವೆಲ್.

"ಏನೂ ಇಲ್ಲ. ದೇಶದ ತುಂಬ ಈಗ ಈ ಆಟ ಬೆಳಿಯಾಕ ಹತ್ತೈತಿ. ನಮ್ಮ ಕಡಿಂದನೂ ಯಾರರ ಹೋಗಬೇಕಲ್ಲ."

ಏನೂ ಸಿಗದ ಕೆಲಸಕ್ಕೆ ಯಾರಾದರೂ ದಿನಾ ಬೆಳಿಗ್ಗೆ ಐದಕ್ಕೆ ಏಳುತ್ತಾರೆಯೇ? ಆದರೂ ಹೋದ. ಗ್ಲೌಸಿನ ಒಳಗೆಲ್ಲ ಬೆರಳಾಡಿಸಿ ನೋಡಿಯೇ ತೊಟ್ಟ. ನಾಲ್ಕು ತಿಂಗಳಲ್ಲಿ ಶೆಡ್ಡಿನಲ್ಲಿ ಅವನೆದುರು ನಿಲ್ಲುವವರಿಲ್ಲದಂತಾಯಿತು. ಪೆಟ್ಟು ಯಾವ ಕಡೆಯಿಂದ ಬಂದೀತೋ ಎಂಬ ಅನುಮಾನವೇ ಅವನನ್ನು ಕಾಯುತ್ತಿತ್ತು.

ಬೆಳಗಾವಿಯ ಪಂದ್ಯಕ್ಕೆಂದು ಶಿವಲಿಂಗಪ್ಪ ಇಂಗ್ಲಿಷ್ ಫಾರ್ಮು ತಂದ. "ರೊಕ್ಕಕ್ಕ ಎಂದೂ ಬಡದಾಡಿಲ್ಲ ಅಂತ ಬರದೈತಿ, ಅಷ್ಟ. ಹೆಬ್ಬೆಟ್ಟು ಒತ್ತು."

ಮಾನ್ವೆಲ್ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ. ಭಾನುವಾರ ಹಳಿಯಾಳಕ್ಕೆ ಹೋಗಿ, ಪರಿಚಯದ ಮಲಕಪ್ಪ ಮಾಸ್ತರರಿಂದ ಓದಿಸಿದ. ಕೊನೆಯ ಸಾಲಿಗೆ ಬಂದಾಗ ಮಾಸ್ತರರ ದನಿ ಇಳಿಯಿತು. "ಪೆಟ್ಟಾದ್ರ, ಜೀವಾ ಹೋದ್ರ, ಯಾರೂ ಜವಾಬ್ದಾರರಲ್ಲ ಅಂತೈತೆಪಾ."

ಮರುದಿನ ಅವನು ಫಾರ್ಮನ್ನು ಹವಾಲ್ದಾರನ ಮುಂದೆ ಹಿಡಿದ. "ಈ ಸಾಲು ಯಾಕ ಓದಲಿಲ್ರಿ?"

ಶಿವಲಿಂಗಪ್ಪನ ಮುಖ ಸಣ್ಣದಾಯಿತು. "ಓದಿದ್ರ ನೀ ಬರೂದಿಲ್ಲ ಅಂತ ಅಂಜಿದೆ. ತಪ್ಪಾತು."

"ಬರ್ತಿದ್ದೆ. ಈಗ ನಿಮ್ಮ ಮಾತು ಹೆಂಗ ನಂಬಲಿ? ರಿಂಗಿನ ಬಾಜೂಕ ಡಾಕ್ಟರ್ ಇರಬೇಕು. ನಾ ಹೆಬ್ಬೆಟ್ಟಂತೂ ಒತ್ತೂದಿಲ್ಲ."

ಹೆಂಡತಿ ರೋಜಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಎಂಟು ದಿನ ಪಾಟಿಯ ಮೇಲೆ ಅವಳಿಂದ ಹೆಸರು ತಿದ್ದಿಸಿಕೊಂಡು, ಒಂಬತ್ತನೆಯ ದಿನ ಫಾರ್ಮಿಗೆ ಸಹಿ ಹಾಕಿದ. ಕೊನೆಯ 'ಲ್' ಕೆಳಗಿನ ಗೆರೆಗೆ ಜಾರಿತ್ತು.

ಬೆಳಗಾವಿಯಲ್ಲಿ ಡಾಕ್ಟರ್ ಕೂತಿದ್ದರು. ಅವರು ನಿಜವಾಗಿ ಡಾಕ್ಟರೇ ಹೌದೋ ಅಲ್ಲವೋ ಎಂದು ಚೀಲ ಬಿಚ್ಚಿಸಿ ನೋಡಿಯೇ ಮಾನ್ವೆಲ್ ರಿಂಗ್ ಹತ್ತಿದ. ಮೂರು ರೌಂಡು ಸಿಪಾಯಿಯೊಬ್ಬನೆದುರು ಸರಿಸಮನಾಗಿ ಕಾದಾಡಿ, ಒಂದೇ ಪಾಯಿಂಟಿನಿಂದ ಸೋತ.

ವಾಪಸು ಬರುವಾಗ ಬಸ್ಸಿನಲ್ಲಿ ಶಿವಲಿಂಗಪ್ಪ ಹಿಂಜರಿಯುತ್ತ ಕೇಳಿದ, "ಮುಂದಿನ ವರ್ಷ ಬರ್ತೀಯೇನು?"

ಮಾನ್ವೆಲ್ ಊದಿದ ತುಟಿ ಒತ್ತಿಕೊಂಡ. "ಬರ್ತೇನ್ರಿ. ಆದ್ರ ಅವರು ಪಾಯಿಂಟ್ ಹೆಂಗ ಎಣಸ್ತಾರ, ಮೊದಲ ಅದನ್ನ ಕಲಸ್ರಿ."